ಹಾರಲ್ಲ ಅನ್ನುವ ಕುದುರೆ: ಮಾರುವುದಾ, ಮತ್ತೆ ಕಲಿಸುವುದಾ?

ಯುಗಾದಿ ಮುಗಿದ ವಾರ. ಹಾರಲೆಂದು ಎರಡಡಿ ಎತ್ತರಕ್ಕೆ ಅಡ್ಡಲಾಗಿ ಇಟ್ಟ ಕಂಬದ ಮುಂದೆ ನಮ್ಮ ಕುದುರೆ ಗೌರಿ ಗಕ್ಕನೆ ನಿಂತಳು. ನಾನು ನಿಲ್ಲಲಿಲ್ಲ. ಕಂಬದ ಆಚೆ ಕೆಂಪು ಮಣ್ಣಿನಲ್ಲಿ ಬಿದ್ದು ನಂದಿ ಬೆಟ್ಟವನ್ನು ತಲೆಕೆಳಗಾಗಿ ನೋಡಿದೆ. ಗೌರಿ ಮೂತಿ ಚಾಚಿ ನನ್ನನ್ನು ಮೂಸಿದಳು. ಆ ವಾರ ಅದು ನಾಲ್ಕನೇ ಸಲ.

ಸಂಜೆಯೊಳಗೆ ಎರಡು ಸಲಹೆ ಬಂದವು. ಪಕ್ಕದ ದ್ರಾಕ್ಷಿ ತೋಟದವರು "ಕೊಟ್ಟುಬಿಡಿ ಸಾರ್, ಸುಮ್ನೆ ದಂಡ" ಎಂದರು. ಸವಾರಿ ಗೊತ್ತಿರುವ ಸ್ನೇಹಿತರೊಬ್ಬರು "ಎರಡು ಬಾರಿಸಿ, ಹಾರುತ್ತೆ" ಎಂದರು. ನಮ್ಮ ಲಾಯ ನೋಡಿಕೊಳ್ಳುವ ಚಾಚಾ ಬೆಂಗಳೂರಿನ ರೇಸ್ ಕುದುರೆಗಳ ಜೊತೆ ಮೂವತ್ತು ವರ್ಷ ಕಳೆದವರು. ಅವರು ಜೀನು ಬಿಚ್ಚುತ್ತಾ ಹೇಳಿದ್ದು ಬೇರೆ: "ಯಾಕೆ ನಿಂತಿತು ಅಂತ ಗೊತ್ತಾಗೋ ಮುಂಚೆ ಮಾರಿದ್ರೂ ನಷ್ಟ, ಕಲಿಸಿದ್ರೂ ನಷ್ಟ."

ಮುಂದೆ ಬರೆದಿರುವುದೆಲ್ಲ ಆ ಮಾತನ್ನೇ ಬಿಡಿಸಿ ಹೇಳುವ ಪ್ರಯತ್ನ.

ಮೊದಲು ಒಂದು ವಿಷಯ ನೆನಪಿರಲಿ. ನಮ್ಮ ಕಡೆ ತೋಟದ ಮನೆಗಳಲ್ಲಿ ನಾನು ನೋಡಿದ ಸವಾರಿ ಕುದುರೆಗಳಲ್ಲಿ ರೇಸ್ ಬಿಟ್ಟು ಬಂದ, ಓಟಕ್ಕೆಂದೇ ಬೆಳೆಸಿದ ತಳಿಯ ಥರೋಬ್ರೆಡ್‌ಗಳೇ ಜಾಸ್ತಿ. ತುಮಕೂರು ಜಿಲ್ಲೆಯ ಕುಣಿಗಲ್ ಅಂತೂ ಹೈದರ್, ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು. ಹುಟ್ಟಿದ್ದು ಎಲ್ಲೇ ಇರಲಿ, ರೇಸ್ ಕುದುರೆ ಕಲಿತಿರುವುದು ಒಂದೇ ವಿದ್ಯೆ: ಸಪಾಟು ನೆಲದ ಮೇಲೆ ಓಡುವುದು. ಬೆಂಗಳೂರಿನ ರೇಸಿನಲ್ಲಿ ಹಾರುವ ಕೆಲಸವೇ ಇಲ್ಲ. ಲಗಾಮು ಬಿಗಿದರೆ ಅದರ ಮೇಲೆ ಭಾರ ಹಾಕಿ ಇನ್ನೂ ಜೋರಾಗಿ ಹೋಗುವುದು ಅದಕ್ಕೆ ರೂಢಿ. ಅಂಥ ಕುದುರೆ ಕಂಬದ ಮುಂದೆ ನಿಂತರೆ "ಮರೆತಿದೆ" ಎನ್ನುವಂತಿಲ್ಲ. ಯಾರೂ ಕಲಿಸಿಯೇ ಇಲ್ಲದಿರಬಹುದು.

ಹಾರಿಸುವುದನ್ನು ನಿಲ್ಲಿಸಿ, ನೋಟ್‌ಬುಕ್ ತೆಗೆಯಿರಿ

ಕಾರಣ ಗೊತ್ತಾಗುವ ತನಕ ಒಂದು ಕಂಬವನ್ನೂ ಹಾರಿಸಬೇಡಿ. ಪ್ರತಿ ಸಲ ನಿಂತು ತಿರುಗಿದಾಗಲೂ ಕುದುರೆ ಒಂದು ಪಾಠ ಕಲಿಯುತ್ತದೆ: ನಿಂತರೆ ಕೆಲಸ ತಪ್ಪುತ್ತದೆ. ನೀವು ನಾಲ್ಕು ಸಲ ಪ್ರಯತ್ನಿಸಿದರೆ ನಾಲ್ಕು ಸಲ ಆ ಪಾಠ ಹೇಳಿಕೊಟ್ಟಂತೆ.

ನಿಲ್ಲುವುದರಲ್ಲೂ ಬಗೆಗಳಿವೆ. ಕಂಬದ ತನಕ ಸರಿಯಾಗಿ ಬಂದು ಕೊನೆಯ ಹೆಜ್ಜೆಯಲ್ಲಿ ನಿಲ್ಲುವುದು ಒಂದು. ಭುಜ ವಾಲಿಸಿ ಪಕ್ಕಕ್ಕೆ ಜಾರಿಕೊಳ್ಳುವುದು ಇನ್ನೊಂದು. ದೂರದಿಂದಲೇ ಹಿಂದೆ ಸರಿದು ಲಾಯದ ಕಡೆ ತಿರುಗುವುದು ಮೂರನೆಯದು. ಮೂರೂ ಬೇರೆ ಬೇರೆ ಮಾತು. ಹಿಂದೆ ಚೆನ್ನಾಗಿ ಹಾರುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ನಿಂತರೆ ನಾನು ಮೊದಲು ನೋವನ್ನು ಅನುಮಾನಿಸುತ್ತೇನೆ. ಯಾವಾಗಲೂ ಎಡಕ್ಕೇ ಓಡಿದರೆ ಒಂದು ಕಣ್ಣು, ಒಂದು ಕಾಲು ಅಥವಾ ಸವಾರನ ಒಂದು ಕೈ. ಲಾಯದ ಕಡೆ ಎಳೆಯುವ ಕುದುರೆಗೆ ಕಂಬದ ಚಿಂತೆಗಿಂತ ಜೊತೆಗಾರರನ್ನು ಬಿಟ್ಟುಬಂದ ಚಿಂತೆ ಜಾಸ್ತಿ ಇರಬಹುದು.

ನಿಂತ ದಿನ, ಕಂಬದ ಎತ್ತರ, ಬಂದ ದಿಕ್ಕು, ನೆಲ ಹೇಗಿತ್ತು, ಯಾರು ಕೂತಿದ್ದರು, ಮೇವು ಹಾಕಿ ಎಷ್ಟು ಹೊತ್ತಾಗಿತ್ತು, ಎಲ್ಲ ಬರೆಯಿರಿ. ಹಳೆಯ ವೀಡಿಯೋ ಇದ್ದರೆ ನಿಧಾನಗತಿಯಲ್ಲಿ ನೋಡಿ. ಕುದುರೆಯನ್ನಲ್ಲ, ನಿಮ್ಮನ್ನು ನೋಡಿಕೊಳ್ಳಿ. ನಾನು ನೋಡಿಕೊಂಡೆ. ನೋಡಬಾರದಿತ್ತು.

ನೋವು ಹುಡುಕಿ

ಇದಕ್ಕೇ ಹೆಚ್ಚು ಸಮಯ, ಹೆಚ್ಚು ದುಡ್ಡು ಇಡಿ. ಮಾರುವ ಯೋಚನೆ ಇದ್ದರೂ ಇದನ್ನು ಬಿಡುವಂತಿಲ್ಲ, ಯಾಕೆಂದರೆ ಒಳ್ಳೆಯ ಗಿರಾಕಿ ಹೇಗೂ ಪರೀಕ್ಷೆ ಮಾಡಿಸುತ್ತಾನೆ.

ಗೊರಸಿನಿಂದ ಶುರು ಮಾಡಿ. ಹಾರಿ ಇಳಿಯುವಾಗ ಕ್ಷಣಕಾಲ ಇಡೀ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಗೊರಸಿನೊಳಗೆ ನೋವಿದ್ದರೆ ಕುದುರೆ ಹೆದರುವುದು ಹಾರುವುದಕ್ಕಲ್ಲ, ಇಳಿಯುವುದಕ್ಕೆ. ಲಾಳ ಹೊಡೆಸಿ ಆರರಿಂದ ಎಂಟು ವಾರ ದಾಟಿದೆಯಾ ನೋಡಿ. ಶಿವರಾತ್ರಿಯಿಂದ ಮುಂಗಾರಿನ ತನಕ ನಮ್ಮ ಕೆಂಪು ನೆಲ ಸಿಮೆಂಟಿನ ಹಾಗಿರುತ್ತದೆ. ಚಳಿಗಾಲದಲ್ಲಿ ಹಾರಿ ಬೇಸಿಗೆಯಲ್ಲಿ ನಿಲ್ಲುವ ಕುದುರೆಗೆ ಹಠಮಾರಿ ಎಂದು ಹೆಸರಿಡುವ ಮೊದಲು ಅಂಗಳಕ್ಕೆ ರೋಟವೇಟರ್ ಹೊಡೆಸಿ, ಮರಳು ಹಾಕಿಸಿ ನೋಡಿ.

ಆಮೇಲೆ ಬೆನ್ನು ಮತ್ತು ಜೀನು. ಗೌರಿಯ ಅರ್ಧ ಕಥೆ ಇಲ್ಲೇ ಇತ್ತು. ರೇಸ್ ಬಿಟ್ಟು ಬಂದಾಗ ಕಡ್ಡಿಯಂತಿದ್ದಳು. ಆಗ ಕೊಂಡ ಜೀನು ಸರಿಯಾಗಿ ಕೂರುತ್ತಿತ್ತು. ವರ್ಷವಿಡೀ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಎಂಬ ಹಸಿರು ಮೇವು) ತಿಂದು ಮೈ ತುಂಬಿಕೊಂಡಳು. ಜೀನು ಬೆಳೆಯಲಿಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಏಣಿನ ಎರಡೂ ಪಕ್ಕ ರೂಪಾಯಿ ಅಗಲ ಬಿಳಿ ಕೂದಲು ಬಂದಿತ್ತು. ಅಂದವಾಗಿದೆ ಎಂದು ಫೋಟೋ ಬೇರೆ ತೆಗೆದಿದ್ದೆ. ಅದು ಜೀನು ಒತ್ತಿ ಒತ್ತಿ ಆದ ಕಲೆ ಎಂದು ಚಾಚಾ ತೋರಿಸಿದಾಗ ನಾಚಿಕೆಯಾಯಿತು.

ಇದನ್ನು ನೀವೇ ನೋಡಬಹುದು. ಸವಾರಿ ಮುಗಿದ ಕೂಡಲೇ ಜೀನು ತೆಗೆಯಿರಿ. ಕೆಳಗಿನ ಜಾಗವೆಲ್ಲ ಒಂದೇ ಸಮ ಬೆವೆತಿರಬೇಕು. ನಡುವೆ ಅಂಗೈ ಅಗಲ ಒಣಗಿದ್ದರೆ ಅಲ್ಲಿ ಒತ್ತಡ ಜಾಸ್ತಿ ಎಂದು ಅನುಮಾನಿಸಿ. ಬೆನ್ನುಮೂಳೆಯ ಎರಡೂ ಪಕ್ಕ ಬೆರಳ ತುದಿಯಿಂದ ಒತ್ತುತ್ತಾ ಹೋಗಿ. ಬೆನ್ನು ಕುಸಿಯುವುದು, ಬಾಲ ಬೀಸುವುದು, ಹೊಟ್ಟೆ ಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಎಲ್ಲವೂ ಉತ್ತರವೇ. ಬೆನ್ನುಮೂಳೆಯ ಮೇಲ್ತುದಿಗಳು ಒಂದಕ್ಕೊಂದು ತಾಗುವ ತೊಂದರೆಯೂ ಥರೋಬ್ರೆಡ್‌ಗಳಲ್ಲಿ ಕಾಣುತ್ತದೆ. ಅದು ಎಕ್ಸ್‌ರೇ ಇಲ್ಲದೆ ಗೊತ್ತಾಗುವುದಿಲ್ಲ.

ಮೂರನೆಯದು ಹೊಟ್ಟೆ. ಕುದುರೆಯ ಹೊಟ್ಟೆಯಲ್ಲಿ ದಿನದ 24 ಗಂಟೆಯೂ ಆಮ್ಲ ಒಸರುತ್ತಿರುತ್ತದೆ, ತಿಂದರೂ ತಿನ್ನದಿದ್ದರೂ. ದಿನಕ್ಕೆ ಹದಿನಾರು ಗಂಟೆಯಷ್ಟು ಮೇಯುವಂತೆ ಆದ ದೇಹ ಅದು. ನಾವು ಮಾಡುವುದೇನು? ಬೆಳಿಗ್ಗೆ ಸಂಜೆ ಬೇಯಿಸಿದ ಹುರುಳಿ, ಬೂಸಾ ಹಾಕಿ, ನಡುವೆ ಹೊಟ್ಟೆ ಖಾಲಿ ಬಿಡುತ್ತೇವೆ. ಹುಣ್ಣಾಗದೆ ಇನ್ನೇನಾದೀತು? ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ತುಂಬಾ ಸಾಮಾನ್ಯ. ಖಚಿತವಾಗುವುದು ಕೊಳವೆ ಇಳಿಸಿ ನೋಡಿದಾಗ ಮಾತ್ರ. ಇದ್ದರೆ ಡಾಕ್ಟರ್ ಸಾಮಾನ್ಯವಾಗಿ ಸುಮಾರು 28 ದಿನ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಔಷಧಿ ಕೊಡುತ್ತಾರೆ. ಮೇವನ್ನಂತೂ ಇವತ್ತೇ ಸರಿ ಮಾಡಬಹುದು. 450 ಕೆಜಿ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕೆಜಿ ಒಣ ಹುಲ್ಲು ಬೇಕು, ನಾಲ್ಕೈದು ಸಲಕ್ಕೆ ಹಂಚಿ. ಸವಾರಿಗೆ ಮೊದಲು ಎರಡು ಹಿಡಿ ಕುದುರೆ ಮಸಾಲೆ ಕೊಡಿ. ಅದರಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ಸ್ವಲ್ಪ ತಣಿಸುತ್ತದೆ.

ಹಲ್ಲು ನೋಡಿಸಿ, ಅದರಲ್ಲೂ ಕಡಿವಾಣ ತಾಗುವ ಜಾಗ. ಕಣ್ಣು ನೋಡಿಸಿ. ಕುದುರೆಗೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಆದರೆ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಕಾಣುವುದಿಲ್ಲ. ಅಂದರೆ ಹಾರುವ ಕ್ಷಣದಲ್ಲಿ ಕಂಬ ಅದಕ್ಕೆ ಸರಿಯಾಗಿ ಕಾಣುತ್ತಿರುವುದಿಲ್ಲ. ದೂರದಿಂದ ನೋಡಿದ್ದನ್ನು ನಂಬಿ ಹಾರುತ್ತದೆ. ತಲೆಯನ್ನು ಬಿಗಿಯಾಗಿ ಎಳೆದು ಹಿಡಿದರೆ ಆ ನೋಟವನ್ನೂ ನಾವೇ ಕಿತ್ತುಕೊಂಡಂತೆ. ಬಣ್ಣದಲ್ಲೂ ನಮಗೂ ಅದಕ್ಕೂ ವ್ಯತ್ಯಾಸವಿದೆ. ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು, ಕಿತ್ತಳೆ ಹಸಿರಿನಲ್ಲಿ ಕರಗಿಹೋಗುತ್ತವೆ. ಬ್ರಿಟನ್ನಿನಲ್ಲಿ ಬೇಲಿ ಹಾರುವ ರೇಸುಗಳ ಕಿತ್ತಳೆ ಪಟ್ಟಿಗಳನ್ನು ಬಿಳಿಗೆ ಬದಲಾಯಿಸಿದ್ದು ಇದೇ ಕಾರಣಕ್ಕೆ. ನಾನಂತೂ ನೀಲಗಿರಿ ಕಂಬಗಳಿಗೆ ಚಂದಕ್ಕೆಂದು ಕೆಂಪು ಬಳಿದಿದ್ದೆ, ಕೆಂಪು ಮಣ್ಣಿನ ಮೇಲೆ!

ಇಷ್ಟೆಲ್ಲ ಯಾರು ನೋಡುತ್ತಾರೆ? ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರಿಗೆ ದಿನವೂ ಬರುವುದು ಹಸು, ಕುರಿ. ಮೊದಲ ತಪಾಸಣೆಗೆ ಅವರೇ ಸಾಕು. ಕಾಲಿನ ಕುಂಟು, ಬೆನ್ನಿನ ಎಕ್ಸ್‌ರೇ ಅಂತಾದರೆ ಕುದುರೆ ನೋಡಿ ಪಳಗಿದವರು ಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನಮ್ಮ ಚಿಕ್ಕಬಳ್ಳಾಪುರದಿಂದ ಅದು ಸುಮಾರು 50 ಕಿ.ಮೀ. ಕೆಲವೊಮ್ಮೆ ಡಾಕ್ಟರ್ ಕೆಲವು ದಿನ ನೋವಿನ ಔಷಧಿ ಕೊಟ್ಟು, ನಡೆ ಬದಲಾಗುತ್ತದಾ ಎಂದು ನೋಡುತ್ತಾರೆ. ಬದಲಾದರೆ ಎಲ್ಲೋ ನೋವಿದೆ ಎಂದಾಯಿತು. ಇದನ್ನು ನೀವೇ ಅಂಗಡಿಯಿಂದ ತಂದು ಮಾಡಬೇಡಿ.

ಇನ್ನು ನಿಮ್ಮ ಸರದಿ

ಒಂದು ಟೇಪು ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಪಿರ್ರೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬರುವುದು ಕುದುರೆಯ ಅಂದಾಜು ತೂಕ. ಗೌರಿಯ ಸುತ್ತಳತೆ 180, ಉದ್ದ 165. ಸರಿಯಾಗಿ 450 ಕೆಜಿ. ಸವಾರ ಮತ್ತು ಜೀನು ಸೇರಿ ಇದರ ಶೇಕಡಾ 15ರಿಂದ 20ರೊಳಗೆ ಇರಬೇಕು. ಹಾರಿಸುವುದಾದರೆ 15ರ ಹತ್ತಿರವಿದ್ದರೆ ಒಳ್ಳೆಯದು. 450ರಲ್ಲಿ ಶೇಕಡಾ 15 ಅಂದರೆ 67 ಕೆಜಿ ಚಿಲ್ಲರೆ. ನಾನೂ ಜೀನೂ ಸೇರಿ 88.

ತೂಕ ಒಂದೇ ಅಲ್ಲ. ವೀಡಿಯೋದಲ್ಲಿ ಕಂಡದ್ದು ಇದು: ಕಂಬ ಹತ್ತಿರ ಬಂದಂತೆ ನಾನು ಕೆಳಗೆ ನೋಡುತ್ತೇನೆ. ಕೊನೆಯ ಎರಡು ಹೆಜ್ಜೆಯಲ್ಲಿ ಕಾಲು ಸಡಿಲ ಬಿಡುತ್ತೇನೆ. ಮೈಯನ್ನು ಬೇಗ ಮುಂದೆ ಎಸೆಯುತ್ತೇನೆ. ಹಾರಿದಳೋ, ಇಳಿಯುವಾಗ ಲಗಾಮು ಹಿಡಿದು ನೇತಾಡಿ ಅವಳ ಬಾಯಿ ಜಗ್ಗುತ್ತೇನೆ. ಹಾರಿದ್ದಕ್ಕೆ ಬಾಯಿಗೆ ಏಟು, ನಿಂತರೆ ಏನೂ ಇಲ್ಲ. ನಾನು ಕುದುರೆಯಾಗಿದ್ದರೂ ನಿಲ್ಲುತ್ತಿದ್ದೆ.

ಹಾಗಾಗಿ ಮಾರುವ ಮೊದಲು ಈ ಒಂದು ಪರೀಕ್ಷೆ ಮಾಡಲೇಬೇಕು. ನಿಮಗಿಂತ ಹಗುರ, ನಿಮಗಿಂತ ಚೆನ್ನಾಗಿ ಬಲ್ಲ ಸವಾರರೊಬ್ಬರನ್ನು ಕರೆಸಿ. ಒಂದೂವರೆ ಅಡಿ ಕಂಬ, ಎರಡು ದಿನ. ಅವರಿಗೆ ಹಾರಿದರೆ ತೊಂದರೆ ಕುದುರೆಯದ್ದಲ್ಲ. ಅವರಿಗೂ ನಿಂತರೆ ಅವರೇ ಸೂಕ್ಷ್ಮ ಹೇಳುತ್ತಾರೆ. ಜಗಳವಾಡಿ ಹಾರಿಸಿ ತೋರಿಸುವ ಸವಾರ ಬೇಡ.

ಜಗಳವಾಡಿದರೆ ಏನಾಗುತ್ತದೆ ಎನ್ನುವುದನ್ನು 2021ರ ಆಗಸ್ಟಿನಲ್ಲಿ ಇಡೀ ಲೋಕ ನೋಡಿದೆ. ಟೋಕಿಯೊ ಒಲಿಂಪಿಕ್ಸ್‌ನ ಐದು ಬಗೆಯ ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸವಾರರಿಗೆ ಸಿಗುತ್ತಿದ್ದುದು ಗುರುತಿಲ್ಲದ ಕುದುರೆ, ಪರಿಚಯಕ್ಕೆ 20 ನಿಮಿಷ. ಸೇಂಟ್ ಬಾಯ್ ಎಂಬ ಕುದುರೆ ಮೊದಲ ಸವಾರಳಿಗೇ ಹಾರಲು ಒಪ್ಪಿರಲಿಲ್ಲ. ಆಮೇಲೆ ಅದರ ಮೇಲೆ ಕೂತವರು ಅದುವರೆಗೆ ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಆನಿಕಾ ಶ್ಲಾಯ್. ಅವರು ಅಳುತ್ತಾ ಚಾಟಿ ಬೀಸಿದರು. ತಂಡದ ಕೋಚ್ ಬೇಲಿಯಾಚೆಯಿಂದ ಕುದುರೆಗೆ ಗುದ್ದಿದರು. ಕುದುರೆ ಮಾತ್ರ ದಾರಿಗೆ ಬರಲಿಲ್ಲ. ಪದಕ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಆದಮೇಲೆ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. ಚಾಚಾಗೆ ಆ ವೀಡಿಯೋ ತೋರಿಸಿದೆ. "ಹೊಡೆದ್ರೆ ಇವತ್ತು ಹಾರ್ತದೆ, ನಾಳೆ ಲಾಯದಿಂದ್ಲೇ ಬರಲ್ಲ" ಎಂದರು.

ಈಗ ನಿರ್ಧಾರ

ಕುದುರೆಗೆ ವಾಸಿಯಾಗುವ ನೋವಿದ್ದರೆ: ಮಾರಬೇಡಿ. ವಾಸಿ ಮಾಡಿಸಿ, ಡಾಕ್ಟರ್ ಹೇಳಿದಷ್ಟು ದಿನ ಬಿಡಿ, ಆಮೇಲೆ ಕಲಿಸಿ. ಈ ಹಂತದಲ್ಲಿ ಮಾರಿದರೆ ಬೆಲೆ ಬರುವುದಿಲ್ಲ.

ವಾಸಿಯಾಗದ ನೋವಿದ್ದರೆ: ಹಾರುವ ಮಾತು ಅಲ್ಲಿಗೆ ಮುಗಿಯಿತು. ಮೆಲ್ಲಗೆ ಸವಾರಿಗೆ ಆಗುತ್ತದೆಯೋ, ಬರೀ ಮೇಯಲು ಬಿಡಬೇಕೋ ಡಾಕ್ಟರ್ ಹೇಳಲಿ. ನಿಮ್ಮ ಕೈಯಲ್ಲಿ ಸಾಕಲು ಆಗುವುದಿಲ್ಲ ಎಂದಾದರೆ ಎಲ್ಲವನ್ನೂ ಹೇಳಿ, ಗೊತ್ತಿರುವವರಿಗೆ ಮಾತ್ರ ಕೊಡಿ.

ಮೈಯಲ್ಲಿ ಏನೂ ಇಲ್ಲ, ಬರೀ ಹೆದರಿಕೆ ಅಥವಾ ಕಲಿಕೆಯ ಕೊರತೆ ಎಂದಾದರೆ ಹನ್ನೆರಡು ವಾರ ಕೊಡಿ.

ಕುದುರೆ ಚೆನ್ನಾಗಿದೆ, ನಿಮಗೂ ಅದಕ್ಕೂ ಜೋಡಿ ಕೂಡುವುದಿಲ್ಲ ಎಂದಾದರೆ ಮಾರುವುದರಲ್ಲಿ ತಪ್ಪೇನಿಲ್ಲ. ನಿಮ್ಮ ಕೆಳಗೆ ನಡುಗುವ ಕುದುರೆ ಇನ್ನೊಬ್ಬರ ಕೆಳಗೆ ಹೂವಿನ ಹಾಗಿರಬಹುದು. ಇದನ್ನು ಒಪ್ಪಿಕೊಳ್ಳುವುದೇ ಕಷ್ಟ, ಅಲ್ವಾ?

ಇನ್ನೊಂದು ದಾರಿಯನ್ನು ಜನ ಮರೆಯುತ್ತಾರೆ: ಇಟ್ಟುಕೊಳ್ಳಿ, ಹಾರಿಸಬೇಡಿ. ದ್ರಾಕ್ಷಿ ತೋಟದ ಬದಿಯಲ್ಲಿ ಬೆಳಿಗ್ಗೆ ಒಂದು ಸುತ್ತು ಹೋಗಲು ಯಾವ ಕುದುರೆಯೂ ಹಾರಬೇಕಿಲ್ಲ.

ಯಾವುದೇ ದಾರಿ ಹಿಡಿದರೂ ಕಲಿಸಲು ಶುರು ಮಾಡುವ ಮೊದಲೇ ಎರಡು ವಿಷಯ ಬರೆದಿಡಿ: ಕೊನೆಯ ದಿನಾಂಕ ಮತ್ತು ಖರ್ಚಿನ ಮಿತಿ. ಹುಲ್ಲು, ಬೂಸಾ, ಲಾಳ, ಡಾಕ್ಟರ್, ಕುದುರೆ ನೋಡಿಕೊಳ್ಳುವ ಸೈಸ್ ಸಂಬಳ, ಕಲಿಸುವವರ ಫೀಸು, ಎಲ್ಲ ಕೂಡಿಸಿ. ಇಲ್ಲದಿದ್ದರೆ "ಇನ್ನೊಂದು ತಿಂಗಳು" ಎನ್ನುತ್ತಾ ಎರಡು ದಸರಾ ಕಳೆದಿರುತ್ತದೆ.

ಹನ್ನೆರಡು ವಾರದ ಪಾಠ

ಮೊದಲ ಮೂರು ವಾರ ಹಾರುವುದೇ ಇಲ್ಲ. ನೆಲದ ಮೇಲೆ ಕಂಬ ಮಲಗಿಸಿ, ಕುದುರೆಯನ್ನು ಕೈಯಲ್ಲಿ ಹಿಡಿದು ದಾಟಿಸಿ. ಆಮೇಲೆ ಕೂತು ನಡಿಗೆಯಲ್ಲಿ, ಆಮೇಲೆ ಅದಕ್ಕಿಂತ ಚುರುಕಾದ ಟ್ರಾಟ್‌ನಲ್ಲಿ. ಟ್ರಾಟ್‌ಗೆ ಕಂಬದಿಂದ ಕಂಬಕ್ಕೆ ನಾಲ್ಕೂವರೆ ಅಡಿ ಅಂತರ. ಕುದುರೆಯ ಹೆಜ್ಜೆ ನೋಡಿ ಸ್ವಲ್ಪ ಹಿಂದೆ ಮುಂದೆ ಮಾಡಿ. ಜೊತೆಗೆ ಹಳ್ಳಿ ದಾರಿಯಲ್ಲಿ ಸುತ್ತಾಡಿಸಿ. ಟ್ರ್ಯಾಕ್ಟರ್, ಹಿಪ್ಪುನೇರಳೆ ಸೊಪ್ಪಿನ ಗಾಡಿ, ಗಾಳಿಗೆ ಪಟಪಟ ಎನ್ನುವ ನೆರಳು ಬಲೆ ಎಲ್ಲ ನೋಡಲಿ. ಕಾಲು ಒತ್ತಿದರೆ ಮುಂದೆ ಹೋಗಬೇಕು ಎಂಬ ಪಾಠ ಇಲ್ಲೇ ಗಟ್ಟಿಯಾಗಬೇಕು. ಅದಿಲ್ಲದೆ ಕಂಬದ ಹತ್ತಿರ ಹೋಗಬೇಡಿ.

ನಾಲ್ಕರಿಂದ ಆರನೇ ವಾರ, ಎರಡು ಕಂಬ ಅಡ್ಡಡ್ಡ ಇಟ್ಟ ಕತ್ತರಿ ಆಕಾರದ ಸಣ್ಣ ಹಾರು. ನಡುವೆ ಒಂದಡಿಗಿಂತ ಎತ್ತರ ಬೇಡ. ಅದರ ಎಂಟು ಒಂಬತ್ತು ಅಡಿ ಮುಂದೆ ನೆಲದ ಮೇಲೊಂದು ಕಂಬ. ಟ್ರಾಟ್‌ನಲ್ಲಿ ಬಂದರೆ ಆ ಕಂಬವೇ ಎಲ್ಲಿ ನೆಗೆಯಬೇಕು ಎಂದು ಹೇಳಿಕೊಡುತ್ತದೆ. ಸವಾರ ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿ ಅದನ್ನು ಹಿಡಿದುಕೊಳ್ಳಲಿ, ಬಾಯಿ ಜಗ್ಗುವುದು ತಪ್ಪುತ್ತದೆ.

ಈ ಹಂತದಲ್ಲಿ ನಿಂತರೆ? ಇದಕ್ಕೇ ಎತ್ತರ ಇಷ್ಟು ಕಡಿಮೆ ಇಟ್ಟಿರುವುದು. ತಿರುಗಿಸಬೇಡಿ, ಹೊಡೆಯಬೇಡಿ. ಕಂಬಕ್ಕೆ ಮುಖ ಮಾಡಿಯೇ ನಿಲ್ಲಿಸಿ. ಕೆಳಗಿರುವವರು ಕಂಬವನ್ನು ನೆಲಕ್ಕೆ ಇಳಿಸಲಿ. ನಿಂತ ಜಾಗದಿಂದಲೇ ನಡೆದು ದಾಟಲಿ. ಕುತ್ತಿಗೆ ತಟ್ಟಿ. ಮತ್ತೆ ಸ್ವಲ್ಪ ಸ್ವಲ್ಪ ಏರಿಸಿ. ನೋವು ಹೋದ ಮೇಲೂ ಅದರ ನೆನಪು ಕುದುರೆಯಲ್ಲಿ ಉಳಿದಿರುತ್ತದೆ. ಗೌರಿ ಹೊಸ ಜೀನಿನಲ್ಲೂ ಮೂರು ವಾರ ನಿಲ್ಲುತ್ತಲೇ ಇದ್ದಳು.

ಏಳರಿಂದ ಒಂಬತ್ತನೇ ವಾರ ಎರಡು ಹಾರುಗಳ ಸಾಲು. ಟ್ರಾಟ್‌ನಲ್ಲಿ ಬಂದು ನಡುವೆ ಒಂದು ಕ್ಯಾಂಟರ್ (ಟ್ರಾಟ್‌ಗಿಂತ ಜೋರಾದ ಓಟ) ಹೆಜ್ಜೆ ಹಾಕಿ ಎರಡನೆಯದನ್ನು ಹಾರಲು ಸುಮಾರು 18 ಅಡಿ ಬೇಕು. ಕ್ಯಾಂಟರ್‌ನಲ್ಲೇ ಬರುವುದಾದರೆ 24 ಅಡಿ. ಕ್ಯಾಂಟರ್‌ನ ಒಂದು ಹೆಜ್ಜೆ ಹೆಚ್ಚುಕಡಿಮೆ 12 ಅಡಿ, ಇಳಿಯಲು ಆರು, ನೆಗೆಯಲು ಆರು. ಹೀಗೆ ಲೆಕ್ಕ. ಅಳತೆ ತಪ್ಪಿದ ಸಾಲು ಒಳ್ಳೆಯ ಕುದುರೆಯನ್ನೂ ನಿಲ್ಲಿಸುತ್ತದೆ. ಟೇಪು ಹಿಡಿಯಲು ಸೋಮಾರಿತನ ಬೇಡ.

ಕೊನೆಯ ಮೂರು ವಾರ ಹೊಸ ಹೊಸ ನೋಟ. ನಮ್ಮ ಕಡೆ ಟೊಮೆಟೊ ಕ್ರೇಟಿಗೆ ಬರವಿಲ್ಲ. ನೀಲಿ, ಹಳದಿ ಕ್ರೇಟುಗಳನ್ನು ಕಂಬದ ಕೆಳಗೆ ಇಡಬಹುದು. ಬರೀ ಕ್ರೇಟ್ ಬೇಡ, ತೂತಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಗೋಣಿಚೀಲ ಸುತ್ತಿ ಹೊಲಿಯಿರಿ. ಮೊದಲು ಎರಡು ಪಕ್ಕಕ್ಕೆ ಇಟ್ಟು, ದಿನ ಕಳೆದಂತೆ ನಡುವೆ ತನ್ನಿ. ಸಾಧ್ಯವಾದರೆ ಒಂದು ದಿನ ಬೇರೆ ಅಂಗಳಕ್ಕೆ ಕರೆದೊಯ್ದು ನೋಡಿ.

ವಾರಕ್ಕೆ ಎರಡೇ ದಿನ ಹಾರು, ದಿನಕ್ಕೆ ಹದಿನೈದು ಸಾಕು. ಚೆನ್ನಾಗಿ ಹಾರಿದ ಮೇಲೆ "ಇನ್ನೊಂದು" ಎನ್ನಬೇಡಿ. ಕಂಬವನ್ನು ಎಂದೂ ಕಟ್ಟಬೇಡಿ, ಮೊಳೆ ಹೊಡೆಯಬೇಡಿ. ಕಾಲು ತಾಗಿದರೆ ಉರುಳಿ ಬೀಳಬೇಕು. ಸವಾರಿ ಹೆಲ್ಮೆಟ್ ಬೇಕೇ ಬೇಕು, ಬೈಕಿನದಲ್ಲ. ಒಬ್ಬರೇ ಇದ್ದಾಗ ಹಾರಿಸಬೇಡಿ.

ಮುಗಿದಾಗ ಏನು ನೋಡಬೇಕು? ಎತ್ತರ ಅಲ್ಲ. ಕಿವಿ ಮುಂದೆ ಮಾಡಿ ತಾನಾಗಿ ಕಂಬದ ಕಡೆ ಹೋಗುತ್ತದಾ? ನಿಲ್ಲುವುದು ವಾರವಾರಕ್ಕೂ ಕಡಿಮೆಯಾಗಿದೆಯಾ? ನೋಟ್‌ಬುಕ್ ಹೇಳುತ್ತದೆ. ಸ್ಪರ್ಧೆಯ ಆಸೆ ಇರುವವರು ನೆನಪಿಡಿ: ಅಂತರರಾಷ್ಟ್ರೀಯ ನಿಯಮದಲ್ಲಿ ಮೊದಲ ಸಲ ನಿಂತರೆ ನಾಲ್ಕು ದಂಡದ ಅಂಕ, ಎರಡನೇ ಸಲಕ್ಕೆ ಹೊರಗೆ. ಹತ್ತರಲ್ಲಿ ಒಂಬತ್ತು ಸಲ ಹಾರುವ ಕುದುರೆ ಮನೆಗೆ ಬಂಗಾರ, ಸ್ಪರ್ಧೆಗೆ ತಲೆನೋವು.

ಮಾರುವುದಾದರೆ

ಹಾರಲ್ಲ ಎನ್ನುವುದನ್ನು ಮೊದಲ ಫೋನಿನಲ್ಲೇ ಹೇಳಿ. ಮುಚ್ಚಿಟ್ಟು ಮಾರಿದರೆ ಯಾರದೋ ಮಗು ಕಂಬದ ಮೇಲೆ ಬೀಳುತ್ತದೆ. ಡಾಕ್ಟರ್ ವರದಿ, ಎಕ್ಸ್‌ರೇ, ಧನುರ್ವಾಯು ಚುಚ್ಚುಮದ್ದಿನ ದಾಖಲೆ, ಗುರುತಿನ ಕಾಗದ ಎಲ್ಲ ಒಂದು ಫೈಲಿನಲ್ಲಿಡಿ. ಗ್ಲ್ಯಾಂಡರ್ಸ್ ರೋಗದ ರಕ್ತ ಪರೀಕ್ಷೆ ಮಾಡಿಸಿ. ಮನುಷ್ಯರಿಗೂ ಅಂಟುವ ರೋಗ ಅದು. ಸಾಗಿಸುವ ಮೊದಲು ಪಶುವೈದ್ಯರಿಂದ ಆರೋಗ್ಯ ಪತ್ರ ಪಡೆಯಿರಿ. ಗಿರಾಕಿ ನೋಡಲು ಬರುವ ದಿನ ನೋವಿನ ಔಷಧಿ ಕೊಡುವುದು ಶುದ್ಧ ಮೋಸ. ಎರಡು ಮೂರು ಸಲ ಬಂದು ಸವಾರಿ ಮಾಡಿ ನೋಡಲಿ. ಮುಂದೆ ಮಾರುವಾಗ ಮೊದಲು ನಿಮಗೆ ಹೇಳಬೇಕು ಎಂದು ಕಾಗದದಲ್ಲಿ ಬರೆಸಿಕೊಳ್ಳಿ.

ತೀರಾ ಅಗ್ಗಕ್ಕೆ, ಪುಕ್ಕಟೆ ಕೊಡಬೇಡಿ. ದುಡ್ಡು ಕೊಡದೆ ಬಂದ ಕುದುರೆ ಎಲ್ಲೆಲ್ಲಿಗೋ ಹೋಗುತ್ತದೆ. ಮದುವೆ ಮೆರವಣಿಗೆಗೆ ಕೇಳಿಕೊಂಡು ಬರುತ್ತಾರೆ. ಬಣ್ಣದ ಹಲಗೆಗೇ ಹೆದರುವ ಥರೋಬ್ರೆಡ್ ಅನ್ನು ಬ್ಯಾಂಡ್‌ಸೆಟ್ಟು, ಪಟಾಕಿ ನಡುವೆ ನಿಲ್ಲಿಸುವುದನ್ನು ಯೋಚಿಸಿ ನೋಡಿ. ಮದುಮಗನಿಗೂ ಕ್ಷೇಮವಲ್ಲ.

ಗೌರಿಯನ್ನು ನಾನು ಮಾರಲಿಲ್ಲ. ಈಗ ಅವಳ ಮೇಲೆ ಕೂರುವುದು ಅಕ್ಕನ ಮಗಳು, ಜೀನು ಸೇರಿ 61 ಕೆಜಿ. ಎರಡೂವರೆ ಅಡಿ ಹಾರುತ್ತಾರೆ. "ಮಾಮ, ನೀವು ನೋಡ್ತಾ ನಿಂತ್ರೆ ಅವಳು ತಬ್ಬಿಬ್ಬಾಗ್ತಾಳೆ" ಎಂದು ನನ್ನನ್ನು ಬೇಲಿಯಾಚೆ ಕಳಿಸುತ್ತಾಳೆ.

ಮಾರಿದ್ದು ಇನ್ನೊಂದು ಕುದುರೆಯನ್ನು, ರಾಜನನ್ನು. ಮೈಯಲ್ಲಿ ಒಂದು ನೋವಿರಲಿಲ್ಲ, ಜೀನು ಸರಿಯಿತ್ತು, ಮೂವರು ಸವಾರರು ಬದಲಾದರು, ಹನ್ನೆರಡು ವಾರ ಮುಗಿಯಿತು. ಕಂಬ ಕಂಡರೆ ಪಕ್ಕಕ್ಕೆ ಜಾರುವುದು ಬಿಡಲಿಲ್ಲ. ಕುಣಿಗಲ್ ಕಡೆ ತೆಂಗಿನ ತೋಟದವರೊಬ್ಬರು ತೋಟ ಸುತ್ತಲು ತೆಗೆದುಕೊಂಡರು. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ "ಹಾರುವುದಿಲ್ಲ" ಎಂದು ಬರೆದುಕೊಟ್ಟಿದ್ದೆ. ಮೊನ್ನೆ ಅವರ ಫೋನ್ ಬಂತು. "ಸಾರ್, ಹಾರಲ್ಲ ಅಂದಿದ್ರಿ. ಬೆಳಿಗ್ಗೆ ಹಗ್ಗ ಕಿತ್ಕೊಂಡು ನಮ್ಮ ನೀರಿನ ಕಾಲುವೆ ಹಾರಿ ಹೋಗವ್ನೆ, ಆರಡಿ ಅಗಲ ಐತೆ!"

ಕಾಲುವೆಯ ಆಚೆ ಏನಿದೆ ಎಂದು ಕೇಳಿದೆ.

"ಕುದುರೆ ಮಸಾಲೆ ಹಾಕಿದೀವಿ ಸಾರ್, ಒಂದೆಕರೆ."